ಚಿಲಕ ಯಾವ ಕಡೆಗೆ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿಯ ಕೂದಲ ತುಂಬ ಗಾರೆಯ ಧೂಳು.

"ಕಾರ್ಖಾನೆ ಥರದ ಅಡುಗೆಮನೆ ಬೇಕು, ಇಟ್ಟಿಗೆ ಕಾಣ್ಬೇಕು ಅಂತ ಗಾರೆ ಕೆರೆಸಿದ್ವಿ ಅಕ್ಕಾ. ನೋಡಿದ್ರೆ ಗೋಡೆಯೊಳಗೆ ಬಾಗಿಲಿನ ಚೌಕಟ್ಟು!"

"ಆಚೆ ಪಕ್ಕದ ಮನೆಯಲ್ವೇನೇ?"

"ಹೂಂ. ಆ ಮನೆ ಮುದುಕಿ ಜೊತೆ ಮಾತು ಬೇಡ ಅಂತಿದ್ರಲ್ಲ ನಮ್ಮತ್ತೆ? ಅವರು ಅತ್ತೆಯ ಒಡಹುಟ್ಟಿದ ಅಕ್ಕ ಕಣಕ್ಕಾ! ಚೌಕಟ್ಟು ನೋಡಿ ಈಗ ಅತ್ತೇನೇ ಬಾಯಿಬಿಟ್ರು."

"ಅಯ್ಯೋ! ನಿನ್ನ ಗಂಡಂಗೂ ಗೊತ್ತಿರ್ಲಿಲ್ವಾ?"

"ಅವರು ಹುಟ್ಟೋಕೆ ಮುಂಚಿನ ಜಗಳವಂತೆ. ಬಾಗಿಲು ಮುಚ್ಚಿಸಿದ್ದು ಅತ್ತೇನೇ."

"ಮತ್ತೆ ಗಾರೆ ಮೆತ್ತಿಸಿಬಿಡು."

"ಈಗ ಅತ್ತೆ ಬಾಗಿಲೇ ಕೂರಿಸು ಅಂತಿದಾರೆ. ಚಿಲಕ ಒಂದೇ ಸಾಕಂತೆ."

"ನಿಮ್ಮ ಕಡೆಗಾ?"

"ಅಲ್ಲ, ಅವರಕ್ಕನ ಕಡೆಗೆ. ತೆಗೆಯೋದು ಬಿಡೋದು ಅವಳಿಷ್ಟ ಅಂದ್ರು."

ಅಷ್ಟರಲ್ಲಿ ಅವರ ಸರದಿ ಬಂತು. ಒಂದೇ ಒಂದು ಚಿಲಕ ಕೊಂಡು ಇಬ್ಬರೂ ಹೊರಟರು.