ಮೂರು ಬಡಿತಕ್ಕೆ ಮೇಲೆಳಿ

ನಗಬೇಡಿ. ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಅಕ್ಕ ಒಳಚರಂಡಿ ಇಲಾಖೆಯಲ್ಲಿ ಎಂಜಿನಿಯರು. ಹಗ್ಗ ಕಂಡು ಹಾವು ಅನ್ನುವ ಪೈಕಿ ಅಲ್ಲ. ದೆವ್ವ ಎದುರಿಗೆ ಬಂದರೂ ಗುರುತಿನ ಚೀಟಿ ಕೇಳುವವಳು.

ಅವಳು ಕೆಲಸಕ್ಕಿದ್ದ ಊರಿನ ಹೊಳೆ ಆಗ ಹೆಸರಿಗೆ ಮಾತ್ರ ಹೊಳೆ. ಊರಿನ ಕೊಳಕೆಲ್ಲ ಒಂದು ಹಳೇ ಇಟ್ಟಿಗೆ ಚರಂಡಿಯಲ್ಲಿ ಹರಿದು ಬಂದು ಅದಕ್ಕೇ ಬೀಳುತ್ತಿತ್ತು. ಅಕ್ಕನ ತಂಡ ಎರಡು ವರ್ಷ ಹೆಣಗಾಡಿ ದಂಡೆಯುದ್ದಕ್ಕೂ ಹೊಸ ಪೈಪು ಹಾಕಿ, ಕೊಳಚೆಯನ್ನು ಶುದ್ಧೀಕರಣ ಘಟಕದ ಕಡೆ ತಿರುಗಿಸಿತ್ತು. ಇನ್ನು ಹಳೇ ಚರಂಡಿಗೆ ಕಾಂಕ್ರೀಟು ತುಂಬಿ ಮುಚ್ಚುವುದೊಂದೇ ಬಾಕಿ. ಬೆಳಿಗ್ಗೆ ಆರಕ್ಕೆ ಲಾರಿ ಬರಬೇಕು. ಒಳಗೆ ಯಾರೂ ಇಲ್ಲ ಅಂತ ಸಹಿ ಹಾಕಬೇಕಾದವಳು ಅಕ್ಕ.

ಹಿಂದಿನ ರಾತ್ರಿ ಹನ್ನೊಂದು ದಾಟಿತ್ತು. ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಒಂದು ಆಲದ ಮರ, ಅದರ ಬುಡದಲ್ಲಿ ಹಳೇ ಚರಂಡಿಯ ಮ್ಯಾನ್‌ಹೋಲ್. ಅದನ್ನು ದಾಟಿದಳು...

ಟಣ್. ಟಣ್. ಟಣ್.

ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಮುಚ್ಚಳದ ಕೆಳಗಿಂದ.

ನಿಂತಳು. ಸದ್ದೂ ನಿಂತಿತು. ಹೆಗ್ಗಣ ಇರಬೇಕು ಅಂದುಕೊಂಡು ಹೆಜ್ಜೆ ಎತ್ತಿದಳು. ಮತ್ತೆ ಅದೇ. ಈ ಸಲ ಮೆಲ್ಲಗೆ... ತೋಳಿನಲ್ಲಿ ಶಕ್ತಿ ಇಲ್ಲದವರು ಬಡಿದ ಹಾಗೆ.

ಯಾರಾದರೂ ಒಳಗೇ ಉಳಿದುಬಿಟ್ಟರೇ? ಅವತ್ತು ಕೊನೇ ತಪಾಸಣೆಗೆ ಇಳಿದವರು ಹನ್ನೊಂದು ಮಂದಿ. ಹನ್ನೊಂದೂ ಜನ ಮೇಲೆ ಬಂದದ್ದನ್ನು ಅವಳೇ ಎಣಿಸಿದ್ದಳು.

ಒಬ್ಬಳೇ ಮುಚ್ಚಳ ತೆಗೆಯುವಂತಿಲ್ಲ. ಒಳಗಿನ ಗಾಳಿ ಒಂದೇ ಉಸಿರಿಗೆ ಆಳನ್ನು ಕೆಡವುತ್ತದೆ. ಶೆಡ್ಡಿನಲ್ಲಿ ಕಾವಲಿದ್ದ ಹಗ್ಗದಣ್ಣನಿಗೆ ಫೋನು ಮಾಡಿದಳು. ಮೇಲೆ ನಿಂತು ಇಳಿದವರ ಹಗ್ಗ ಹಿಡಿಯುವುದೇ ಅವನ ಕೆಲಸ, ಅದಕ್ಕೇ ಆ ಹೆಸರು. ಟಾರ್ಚು, ಹಗ್ಗ, ಗ್ಯಾಸ್ ಮೀಟರು ಹಿಡಿದು ಬಂದ. ಮೊಣಕಾಲೂರಿ ಮುಚ್ಚಳಕ್ಕೆ ಕಿವಿ ಕೊಟ್ಟ.

ಟಣ್. ಟಣ್. ಟಣ್.

ಅವನು ತಟ್ಟನೆ ಹಿಂದಕ್ಕೆ ಸರಿದ.

"ಮೂರು ಬಡಿದರೆ... ಮೇಲೆಳಿ ಅಂತ," ಪಿಸುಗುಟ್ಟಿದ. "ವಾಕಿಟಾಕಿ ಬರೋಕೆ ಮುಂಚಿನ ಸನ್ನೆ. ಈಗಿನೋರಿಗೆ ಯಾರಿಗೂ ಗೊತ್ತಿಲ್ಲ."

"ಮತ್ತೆ ಇದು ಯಾರಣ್ಣ?"

ಅವನ ಬಾಯಿಂದ ಒಂದೊಂದೇ ಮಾತು ಹೊರಬಂತು. ಇಪ್ಪತ್ತೆರಡು ವರ್ಷದ ಹಿಂದೆ ಅವನ ಹೆಂಡತಿಯ ತಮ್ಮ ಇಲ್ಲೇ ಇಳಿದಿದ್ದ. ಹಗ್ಗ ಇವನ ಕೈಯಲ್ಲಿತ್ತು. ಅದನ್ನು ಆಲದ ಬೇರಿಗೆ ಬಿಗಿದು ಒಂದು ಟೀ ಕುಡಿದು ಬರೋಣ ಅಂತ ಹೋದ. ಬಂದು ಎಳೆದರೆ ಬರೀ ಹಗ್ಗ. ಎಷ್ಟು ಹುಡುಕಿದರೂ ಹೆಣ ಸಿಗಲಿಲ್ಲ. ಕೆಲಸ ಬಿಟ್ಟು ಓಡಿಹೋದ ಅಂತ ಕಾಗದದಲ್ಲಿ ಬರೆದರು. ಹೆಂಡತಿಗೂ ಅವನು ಅದನ್ನೇ ಹೇಳಿದ್ದ.

ಇಬ್ಬರೂ ಸೇರಿ ಮುಚ್ಚಳ ಸರಿಸಿದರು. ಮೀಟರು ಇಳಿಬಿಟ್ಟರೆ ಕಿರ್ರೋ ಅಂತ ಅರಚಿತು. ಅಕ್ಕ ಅವನ ರಟ್ಟೆ ಗಟ್ಟಿಯಾಗಿ ಹಿಡಿದಳು.

"ಇಳಿಯಲ್ಲ ಮೇಡಂ. ಹಗ್ಗ ಮಾತ್ರ ಬಿಡ್ತೀನಿ."

ಸರ್... ಸರ್... ಹಗ್ಗ ಕತ್ತಲೆಗೆ ಇಳಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಜಗ್ಗಿತು.

ಎಳೆದರು. ಬೆಳೆದ ಆಳಿನ ಭಾರ. ಅಕ್ಕನ ಅಂಗೈ ಸುಲಿಯಿತು. ಒಳಗಡೆ ಇಟ್ಟಿಗೆಗೆ ಪಾದ ಉಜ್ಜುವ ಸದ್ದು... ಜರ್... ಜರ್... ಹತ್ತಿರ ಹತ್ತಿರ. ಬಾಯಿಯವರೆಗೂ ಬಂತು ಅನ್ನುವಾಗ ಭಾರ ತಟ್ಟನೆ ಇಲ್ಲವಾಯಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಗಂಟೇ ಇಲ್ಲದೆ ಬಿಟ್ಟಿದ್ದ ಹಗ್ಗದ ತುದಿಯಲ್ಲಿ ಈಗ ಒಂದು ಕುಣಿಕೆ. ಸೊಂಟದಷ್ಟು ಅಗಲ. ಒಳಗೆ ಯಾರೂ ಇಲ್ಲ.

ಹಗ್ಗದಣ್ಣ ಖಾಲಿ ರಸ್ತೆಗೆ ಕೈ ಮುಗಿದ. "ಬಾಪ್ಪ... ಮನೆಗೆ ಹೋಗೋಣ."

ಮುಚ್ಚಳ ಮುಚ್ಚಿ, ಅಕ್ಕನೇ ಅವನನ್ನು ಮನೆವರೆಗೂ ನಡೆಸಿಕೊಂಡು ಹೋದಳು. ಎರಡೇ ಗಲ್ಲಿ ಆಚೆ. ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಅವನ ಹೆಂಡತಿ ಹೊಸ್ತಿಲಲ್ಲಿ ನಿಂತು ತುಟಿ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಬನ್ನಿ. ತಮ್ಮ ಈಗಷ್ಟೇ ಮಲಗಿದ್ದಾನೆ."

ಅವನು ಅಲ್ಲೇ ಕುಸಿದು ಕೂತ. ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವತ್ತು ಹೆಂಡತಿಗೆ ಹೇಳಿದ. ಅವಳು ಅವನೆದುರಿಗೇ ಕೂತು ಕೇಳಿಸಿಕೊಂಡಳು. ಅಕ್ಕ ಕೋಣೆಯಲ್ಲಿ ಇಣುಕಿದಳು. ಹಾಸಿದ ಚಾಪೆ. ಅದರ ಮೇಲೆ ಯಾರೂ ಇಲ್ಲ.

ಬೆಳಿಗ್ಗೆ ಅಕ್ಕ ಲಾರಿ ತಡೆದಳು. ಮೇಲಿನವರು ಬೈದರೂ ಜಗ್ಗಲಿಲ್ಲ. ಒಳಗೆ ಒಳ್ಳೇ ಗಾಳಿ ಊದಿಸಿ, ಚರಂಡಿಯ ಮೂಲೆಮೂಲೆ ಜಾಲಾಡಿಸಿದಳು. ಏನೂ ಸಿಗಲಿಲ್ಲ. ಆಮೇಲೇ ಸಹಿ ಹಾಕಿದ್ದು. ಹಳೇ ಫೈಲು ತೆಗೆಸಿ, 'ಓಡಿಹೋದ' ಅಂತ ಇದ್ದ ಕಡೆ 'ಕೆಲಸದಲ್ಲೇ ತೀರಿಕೊಂಡ' ಅಂತ ತಿದ್ದಿಸಲು ಅವಳಿಗೆ ಏಳು ತಿಂಗಳು ಹಿಡಿಯಿತು. ಈಗ ಆ ಹೊಳೆಯಲ್ಲಿ ತಳದ ಕಲ್ಲು ಕಾಣುತ್ತೆ.

ನಂಬಿ, ಬಿಡಿ, ನಿಮ್ಮಿಷ್ಟ. ಅಕ್ಕ ಸುಳ್ಳು ಹೇಳುವವಳಲ್ಲ. ಆ ರಾತ್ರಿ ಅಂಗೈಯ ರಕ್ತ ತೊಳೆಯಲು ಹಗ್ಗದಣ್ಣನ ಮನೆಯ ಬಚ್ಚಲಿಗೆ ಹೋಗಿದ್ದಳು. ನೆಲದ ತುಂಬ ಕಪ್ಪು ಕೆಸರು, ಇನ್ನೂ ಹಸಿ. ಗೂಡಿನಲ್ಲಿ ಆಗಷ್ಟೇ ಹರಿದ ಹೊಸ ಸೋಪಿನ ಕಾಗದ. ಪಕ್ಕದಲ್ಲಿ ಸೋಪು... ಎಲೆಯಷ್ಟು ತೆಳ್ಳಗೆ ಸವೆದಿತ್ತು.