ಫಂಕ್ಷನ್ ಭಾಗ ಬರೆದವಳು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಬಸ್ಸಿಗೆ ಕಾಯುತ್ತ, ಬಾಯಿಪಾಠದ ಪದ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅದೇ ಬೆಂಚಿನಲ್ಲಿ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೂತಿದ್ದರು. ಹನ್ನೊಂದಕ್ಕೆ ಚಾಮರಾಜನಗರದಲ್ಲಿ ಅವರ ಪ್ರಾಜೆಕ್ಟ್ ಪರೀಕ್ಷೆಯಂತೆ.

“ಸುಧಾಮಣಿ, ಪೈಥಾನ್ ಫಂಕ್ಷನ್ನಿಂದ ಅದ್ರ ಕೋಡ್ ಈಚೆಗೆ ತಗೊಳೋ ಸಿ ಭಾಷೆ ಭಾಗ ನೀನೇ ಬರ್ದಿದ್ದಲ್ವಾ?”

“ಊಂ ಕಣೋ ಸಾಗರ್. ಕೆಲ್ಸ ಮುಗುದ್ಮೇಲೆ, ಆ ಕೋಡ್ ಎಷ್ಟು ಕಡೆ ಬಳಕೇಲಿದೆ ಅನ್ನೋ ಎಣಿಕೇಲಿ ಒಂದು ಕಳ್ದೂ ಇದೀನಿ.”

“ಅದೇ ತಪ್ಪು. ಪೈಥಾನ್ ನಮಗೆ ಅದ್ನ ಕೊಡೋದು ನೋಡೋಕೆ ಮಾತ್ರ, ಕಳ್ಯಂಗಿಲ್ಲ. ಕಳೀತಾ ಹೋದ್ರೆ ಎಣಿಕೆ ಸೊನ್ನೆ ಆಗಿ, ಫಂಕ್ಷನ್ ಇರುವಾಗ್ಲೇ ಅದ್ರ ಕೋಡ್ ಅಳಿಸೋಯ್ತದೆ.”

“ನಾನು ಓಡಿಸ್ದಾಗ ಸರ್ಯಾಗೇ ಬಂತಲ್ಲ?”

“ನೀನು ಓಡಿಸಿದ್ದು ಒಂದ್ಸಲ. ನಾಕನೇ ಸಲಕ್ಕೆ ಪ್ರೋಗ್ರಾಮೇ ಸತ್ತೋಯ್ತದೆ. ಓದ್ವಾರನೇ ನೋಡಿದ್ದೆ.”

“ಮತ್ತೆ ಯಾಕೋ ಹೇಳ್ಲಿಲ್ಲ?”

“ಇವತ್ತು ಗೆದ್ದೋರಿಗೆ ಸರ್ ಲ್ಯಾಬಲ್ಲಿ ಕೊಡೋದು ಒಂದೇ ಕೆಲ್ಸ ಕಣಮ್ಮಿ. ನಂಗೂ ಬೇಕು.”

“ಆ ಕೆಲ್ಸ ಸಿಕ್ದೆ ಹೋದ್ರೆ ಮನೇಲಿ ಮದ್ವೆ ಮಾಡ್ಬುಡ್ತಾರೆ ಅಂತ ನಿಂಗೊಬ್ಬಂಗೇ ಹೇಳಿದ್ದೆ.”

“ಮಾಡ್ಲಿ ಬುಡು. ಊಟಕ್ಕೆ ಬತ್ತೀನಿ.”

“ಲ್ಯಾಪ್‌ಟಾಪ್ ಕೊಡು. ಬಸ್ಸಲ್ಲೇ ಆ ಸಾಲು ತೆಗೀತೀನಿ.”

“ನಿನ್ನೆನೇ ಎಲ್ಲಾನೂ ಸರ್‌ಗೆ ಕಳಿಸ್ಬುಟ್ಟೆ. ಆ ಫೈಲಿಗೆ ನಿನ್ನೊಬ್ಬಳ ಹೆಸ್ರೇ ಹಾಕಿದೀನಿ. ಹತ್ತು ಸಲ ಓಡಿಸಿ ನೋಡಿ ಸರ್, ಬಾಳ ಚೆನ್ನಾಗಿ ಮಾಡವ್ಳೆ ಅಂತಾನೂ ಹೇಳಿದೀನಿ.”

ಚಾಮರಾಜನಗರದ ಬಸ್ಸು ಬಂತು. ಹುಡುಗಿ ಎದ್ದಳು, ಆದರೆ ಮುಂದೆ ಹೆಜ್ಜೆ ಇಡಲಿಲ್ಲ. ಅವನು ಓಡಿಹೋಗಿ ಕಿಟಕಿಯೊಳಕ್ಕೆ ಕರ್ಚೀಫು ಎಸೆದು, ತಿರುಗಿ ಕೂಗಿದ:

“ಬೇಗ ಬಾ ಕಣಮ್ಮಿ, ನಿಂಗೂ ಸೀಟು ಇಡಿದಿವ್ನಿ!”