ಪಕ್ಕದ ಶೆಡ್ಡಿನ ಗಾಳಿಪೆಟ್ಟಿಗೆಯ ಬಗ್ಗೆ ಟೈಲರಮ್ಮ ಕೊಟ್ಟ ಹೇಳಿಕೆ

ಓಣಿಯವರೆಲ್ಲ ಟೈಲರಮ್ಮ ಎಂದು ಕರೆಯುವ ನಾನು, ವಯಸ್ಸು ಐವತ್ತಾರು, ಕಸುಬು ಹೊಲಿಗೆ, ವಾಸ ಅಂಗಡಿಯ ಹಿಂದಿನ ಕೋಣೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಂಗಡಿಗೂ ಪಕ್ಕದ ಬೈಕ್ ರಿಪೇರಿ ಶೆಡ್ಡಿಗೂ ಇರುವುದು ಒಂದೇ ಗೋಡೆ. ಶೆಡ್ಡಿನವನನ್ನು ಎಲ್ಲರೂ ಬೋಲ್ಟು ಎನ್ನುತ್ತಾರೆ. ಒಂದು ವಾರದಿಂದ ಆ ಕಡೆಯಿಂದ ಯಾವುದೋ ಯಂತ್ರದ, ಕಿವಿ ಕಿತ್ತುಹೋಗುವಂಥ ಸದ್ದು. ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ಮಾತಾಡುವಂತಾಯಿತು. ಸಾಕಾಗಿ ಇಂದು ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದು ದೂರು ಕೊಟ್ಟೆ. ಆ ಯಂತ್ರವನ್ನು ಹೊತ್ತುಕೊಂಡು ಹೋಗಿ ಎಂದದ್ದೂ ನಾನೇ, ಸುಳ್ಳು ಹೇಳುವುದಿಲ್ಲ.

ಹತ್ತೂವರೆಗೆ ಪೇದೆಯವರ ಜೊತೆ ಶೆಡ್ಡಿಗೆ ಹೋದೆ. ಅಲ್ಲಿ ಎದೆಮಟ್ಟದ ಪ್ಲೈವುಡ್ ಪೆಟ್ಟಿಗೆ ಇತ್ತು. ಅದರೊಳಗೆ ಗುಜರಿಯಿಂದ ತಂದ ವ್ಯಾಕ್ಯೂಮ್ ಕ್ಲೀನರ್ ಮೋಟರುಗಳು, ಮೇಲೆ ಬೈಕ್ ಎಂಜಿನ್ನಿನ ತಲೆಭಾಗ, ಅಂದರೆ ಹೆಡ್ಡು, ಪಕ್ಕದಲ್ಲಿ ನೀಲಿ ನೀರು ತುಂಬಿದ ಗಾಜಿನಂಥ ಪೈಪು. ಇದೇನಯ್ಯಾ ಎಂದು ಪೇದೆಯವರು ಗದರಿದರು. ಮೋಟರು ಹೆಡ್ಡಿನ ಮೂಲಕ ಗಾಳಿ ಎಳೆಯುತ್ತದೆ, ಎಷ್ಟು ಗಾಳಿ ಹೋಯಿತೆಂದು ನೀರಿನ ಮಟ್ಟ ತೋರಿಸುತ್ತದೆ, ಗಾಳಿ ಹೆಚ್ಚು ಹೋದಷ್ಟೂ ಎಂಜಿನ್ನಿಗೆ ಶಕ್ತಿ ಎಂದು ಬೋಲ್ಟು ಹೇಳಿದ. ಭಾನುವಾರದ ರೇಸಿಗೆ ಒಂದು ತಂಡದ ಗಾಡಿಗೆ ಇದೇ ಹೆಡ್ಡು ಕೊಡಬೇಕಂತೆ. ಗಾಡಿ ಚೆನ್ನಾಗಿ ಓಡಿದರೆ ಆ ತಂಡದ ಕೆಲಸವೆಲ್ಲ ಇವನಿಗೆ. ಓಡದಿದ್ದರೆ ಶೆಡ್ಡಿಗೆ ಬೀಗ ಹಾಕಿ ಹಳೆಯ ಯಜಮಾನನ ಕೈಕೆಳಗೆ ಹೋಗಬೇಕು. ಆದರೆ ನೀರು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದೆ, ತಲೆ ಕೆಟ್ಟು ಗೊಬ್ಬರವಾಗಿದೆ ಎಂದ.

ಪೇದೆಯವರು ಚಾಲೂ ಮಾಡಿಸಿದರು. ಪೆಟ್ಟಿಗೆಯ ಹಿಂದೆ ನಿಂತಿದ್ದ ನನ್ನ ಭುಜದ ಮೇಲಿನ ದಾರದ ತುದಿ ಪೆಟ್ಟಿಗೆಯ ಕಡೆಗೇ ತುಡಿಯುವುದನ್ನು ಕಂಡೆ. ದಾರವನ್ನು ಕೈಗೆ ತೆಗೆದುಕೊಂಡು ಹಲಗೆಗಳ ಜೋಡಣೆಯುದ್ದಕ್ಕೂ ಹಿಡಿದು ಹೋದೆ. ಕೆಳಮೂಲೆಯಲ್ಲಿ ಅದು ಸರ್ರನೆ ಒಳಗೆ ಹೋಯಿತು. ಕಣ್ಣಿಗೆ ಕಾಣದ ಬಿರುಕಿನಿಂದ ಕಳ್ಳಗಾಳಿ ನುಗ್ಗುತ್ತಿತ್ತು. ಅಂಚು ಮಡಚದೆ ಹೊಲಿದರೆ ಇನ್ನೇನಾಗುತ್ತದೆ ಮಾರಾಯ ಎಂದು ಬೈದು, ಅಂಗಡಿಯಿಂದ ರೆಕ್ಸಿನ್ ಪಟ್ಟಿ ತಂದು ಮಡಚಿ ಅಂಟಿಸಿಕೊಟ್ಟೆ.

ಅಂಟು ಒಣಗಿದ ಮೇಲೆ ಮೂರು ಸಲ ಓಡಿಸಿದ. ಮೂರು ಸಲವೂ ನೀರು ಒಂದೇ ಗೆರೆಗೆ ನಿಂತಿತು. ಬೋಲ್ಟು ನೆಲದ ಮೇಲೆ ಕುಕ್ಕರಿಸಿ ನಕ್ಕ, ಕಣ್ಣು ಒದ್ದೆಯಾಗಿತ್ತು. ಆಮೇಲೆ ಹೆಡ್ಡಿನೊಳಗಿನ ಗಾಳಿದಾರಿಯನ್ನು ಒಂಚೂರು ಉಜ್ಜಿ ಮತ್ತೆ ಇಟ್ಟ. ನೀರು ಗೆರೆ ದಾಟಿ ಒಂದು ಬೆರಳು ಮೇಲೇರಿತು. ಅಬ್ಬಬ್ಬಾ! ಮೂವತ್ತು ವರ್ಷದಿಂದ ಜನರ ಅಳತೆ ತೆಗೆಯುತ್ತಿರುವವಳು ನಾನು. ಗಾಳಿಯ ಅಳತೆ ತೆಗೆದವನನ್ನು ಇಂದೇ ಕಂಡದ್ದು. ಅದೂ ಗುಜರಿ ಸಾಮಾನಿನಲ್ಲಿ. ನನಗೆ ಹೆಮ್ಮೆಯೇ ಆಯಿತು. ಪೇದೆಯವರೂ ಚಪ್ಪಾಳೆ ತಟ್ಟಿದರು. ಅದನ್ನು ಬರೆಯುವುದು ಬೇಡ ಎಂದು ಅವರು ಈಗ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾರೆ. ಬರೆಯಿರಿ.

ಆದ್ದರಿಂದ ದೂರನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಹಾಗಾದರೆ ಸದ್ದು ನಿಲ್ಲುತ್ತದೆಯೇ ಎಂದು ಠಾಣೆಯ ಸಾಹೇಬರು ಕೇಳಿದರು. ನಿಲ್ಲುವುದಿಲ್ಲ, ಶನಿವಾರದವರೆಗೂ ಇದ್ದೇ ಇರುತ್ತದೆ. ಓಣಿಯ ಬೇರೆ ಯಾರಾದರೂ ದೂರು ತಂದರೆ ನನ್ನ ಹತ್ತಿರ ಕಳಿಸಿ, ನಾನು ವಿಚಾರಿಸಿಕೊಳ್ಳುತ್ತೇನೆ. ಭಾನುವಾರ ನನ್ನನ್ನು ಕೇಳುವುದೇನಾದರೂ ಇದ್ದರೆ ಅಂಗಡಿಗೆ ಬರಬೇಡಿ, ಬಾಗಿಲು ಹಾಕಿರುತ್ತದೆ. ರೇಸಿನ ಮೈದಾನಕ್ಕೆ ಬನ್ನಿ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದೆ. ಚಪ್ಪಾಳೆಯ ಸಾಲೂ ಸೇರಿ ಎಲ್ಲವೂ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಮಂಗಳವಾರ, ಸಂಜೆ ನಾಲ್ಕು
ಸಹಿ: ಟೈಲರಮ್ಮ